ಹದಿನಾರು ಅಡಿಯ ಆನೆ

"ಗುರುಗಳೇ, ಗೊತ್ತಿಲ್ಲದ ಜನಕ್ಕೆ ತಿಳಿಯುವ ನನ್ನ ಮಾತು ನನ್ನ ಒಡಹುಟ್ಟಿದವಳಿಗೆ ಏಕೆ ತಿಳಿಯಲಿಲ್ಲ?"

ಹೀಗೆ ಕೇಳಿದವನು ಗದಿಗೆಯ್ಯ ಎಂಬ ಶಿಷ್ಯ. ಅವನು ಮಠ ಸೇರಿ ಒಂಬತ್ತು ವರ್ಷವಾಗಿತ್ತು. ಊರೂರಿಗೆ ಹೋಗಿ ಪ್ರವಚನ ಹೇಳುವುದು ಅವನ ಕೆಲಸ. ಅವನ ಮಾತು ಕೇಳಿ ಜನ ಕಣ್ಣೀರು ಹಾಕುತ್ತಿದ್ದರು. ಇದು ಹೊಗಳಿಕೆಯ ಮಾತಲ್ಲ, ನಿಜವಾಗಿಯೂ ಹಾಕುತ್ತಿದ್ದರು. ಹೋದ ವಾರ ಅವನ ತಂಗಿ ಮಠಕ್ಕೆ ಬಂದಿದ್ದಳು. ಒಂಬತ್ತು ವರ್ಷದಲ್ಲಿ ಅವಳು ಬಂದದ್ದು ಅದೇ ಮೊದಲು. ಗದಿಗೆಯ್ಯನಿಗೆ ಬಹಳ ಸಂತೋಷವಾಯಿತು. ಮೂರು ದಿನವೂ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ತನಗೆ ಬಂದದ್ದನ್ನೆಲ್ಲ ಹೇಳಿದ. ನಾಲ್ಕನೆಯ ದಿನ ಬೆಳಗ್ಗೆ ಅವಳು ಕೈಚೀಲ ತೆಗೆದುಕೊಂಡು ಹೊರಟಳು. "ಅಣ್ಣಾ, ನೀ ಹೇಳಿದ್ದು ನನಗ ಒಂದೂ ತಿಳೀಲಿಲ್ಲ. ನಾ ಬರ್ತೀನಿ" ಎಂದು ಹೇಳಿ ಹೋದಳು.

ಅಂದಿನಿಂದ ಗದಿಗೆಯ್ಯನಿಗೆ ತಲೆ ಕೆಟ್ಟಂತಾಗಿತ್ತು. ಮಾತಿನಲ್ಲಿ ತಪ್ಪಿದ್ದರೆ ಉಳಿದವರಿಗೆ ಹೇಗೆ ತಿಳಿಯಿತು? ಕೇಳುವವಳಲ್ಲಿ ತಪ್ಪು ಎನ್ನೋಣವೆಂದರೆ ಅವಳು ದಡ್ಡಿಯಲ್ಲ. ಎರಡೂ ಅಲ್ಲದಿದ್ದರೆ ಇನ್ನೇನು? ಅದಕ್ಕಾಗಿ ಅವನು ಈ ಪ್ರಶ್ನೆ ಕೇಳಿದ.

ಗುರುಗಳು, "ಕೂಡು. ಒಂದು ಹುಟ್ಟುಹಬ್ಬದ ಕತೆ ಹೇಳುತ್ತೇನೆ" ಎಂದರು.

"ಯಾವ ಶರಣರ ಜಯಂತಿ, ಗುರುಗಳೇ?"

"ಶರಣರದಲ್ಲ. ಐದು ವರ್ಷದ ಒಬ್ಬ ಹುಡುಗಿಯದು."

ಗದಿಗೆಯ್ಯನಿಗೆ ಇದೂ ಅರ್ಥವಾಗಲಿಲ್ಲ. ಆದರೂ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಚಿತ್ರಗಾರನಿದ್ದ. ಅವನು ನಾಟಕದ ಕಂಪನಿಗೆ ಪರದೆ ಬರೆಯುವವನು. ಪರದೆ ಎಂದರೆ ಕಿಟಕಿಗೆ ಕಟ್ಟುವ ಬಟ್ಟೆಯಲ್ಲ. ನಾಟಕದಲ್ಲಿ ಪಾತ್ರಧಾರಿಗಳ ಹಿಂದೆ ಅರಮನೆ, ಕಾಡು, ಬೀದಿ ಕಾಣುತ್ತದಲ್ಲ, ಆ ದೊಡ್ಡ ಬಟ್ಟೆ. ಕಂಪನಿ ಊರಿಂದ ಊರಿಗೆ ಹೋಗುತ್ತಿತ್ತು, ಅವನೂ ಅದರ ಜೊತೆ ಹೋಗುತ್ತಿದ್ದ. ಮನೆಗೆ ಬರುವುದು ವರ್ಷಕ್ಕೆ ಎರಡು ಸಲ, ಬಂದರೆ ನಾಲ್ಕು ದಿನ.

ಅವನ ಹೆಂಡತಿ ಮಗಳೊಡನೆ ಊರಿನಲ್ಲೇ ಇದ್ದಳು. ಮಗಳ ಹೆಸರು ಕಸ್ತೂರಿ. ತಾಯಿ ಪ್ರತಿ ವರ್ಷ ಮಗಳ ಹುಟ್ಟುಹಬ್ಬವನ್ನು ಒಂದೊಂದು ಬಗೆಯಲ್ಲಿ ಮಾಡುತ್ತಿದ್ದಳು. ಒಂದು ತಿಂಗಳು ಮೊದಲೇ ಒಂದು ವಿಷಯ ಗೊತ್ತುಮಾಡುವುದು, ಆಮೇಲೆ ತಿಂಡಿ, ಆಟ, ತೋರಣ ಎಲ್ಲವನ್ನೂ ಅದಕ್ಕೆ ಹೊಂದಿಸುವುದು. ಏನನ್ನೂ ಅಂಗಡಿಯಿಂದ ತರುತ್ತಿರಲಿಲ್ಲ. ಒಂದು ವರ್ಷ ಚಂದ್ರನ ಹುಟ್ಟುಹಬ್ಬ ಮಾಡಿದಳು. ಬೆಳ್ಳಿ ಹಾಳೆಯ ಚುಕ್ಕೆಗಳು, ತಿನ್ನಲು ದುಂಡನೆಯ ಇಡ್ಲಿ. ಇನ್ನೊಂದು ವರ್ಷ ಮೀನಿನದು. ಹಳೆಯ ನೀಲಿ ಸೀರೆಯೇ ಕೆರೆಯಾಯಿತು, ಶಂಕರಪೋಳಿಯನ್ನು ಮೀನಿನ ಆಕಾರಕ್ಕೆ ಕತ್ತರಿಸಿದ್ದಳು. ಮತ್ತೊಂದು ವರ್ಷ ಕೋಳಿ ಮತ್ತು ಮರಿಗಳು. ಆ ದಿನ ಓಣಿಯ ಮಕ್ಕಳೆಲ್ಲ ಅರಿಸಿನದ ಬಣ್ಣದ ಟೋಪಿ ಹಾಕಿಕೊಂಡು ಸಂಜೆಯವರೆಗೆ ಚಿಂವ್ ಚಿಂವ್ ಎಂದು ಓಡಾಡಿದರು.

ಈ ಹುಟ್ಟುಹಬ್ಬಗಳಿಂದ ಅವಳು ಒಂದು ಸಂಗತಿ ಕಲಿತಿದ್ದಳು. ಮೊದಲ ಸಲ ಚುಕ್ಕೆಗಳನ್ನು ತೊಲೆಗೆ ಕಟ್ಟಿದ್ದಳು. ಒಂದು ಮಗುವೂ ತಲೆ ಎತ್ತಿ ನೋಡಲಿಲ್ಲ. ಆಮೇಲೆ ಏನನ್ನು ಕಟ್ಟುವುದಿದ್ದರೂ ಮೊದಲು ಪಡಸಾಲೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಸುತ್ತ ನೋಡುತ್ತಿದ್ದಳು. ಅಲ್ಲಿಂದ ತನಗೆ ಕಂಡರೆ ಮಕ್ಕಳಿಗೂ ಕಾಣುತ್ತದೆ ಎಂಬುದು ಅವಳ ಲೆಕ್ಕ. ನೋಡಲು ಬಂದ ಹೆಂಗಸರು ನಗುತ್ತಿದ್ದರು. ಅವಳು ಕೂತೇ ನೋಡುತ್ತಿದ್ದಳು.

ಐದನೆಯ ವರ್ಷ ಕಸ್ತೂರಿ, "ಈ ಸಲ ಕಾಡು ಮಾಡೋಣು. ಕಾಡಿನ್ಯಾಗ ಆನಿ ಇರಬೇಕು" ಎಂದಳು.

ಅದೇ ಸಮಯಕ್ಕೆ ಚಿತ್ರಗಾರ ಮನೆಗೆ ಬಂದ. ಕಂಪನಿಯವರು ಒಂದು ಊರಿನ ಡೇರೆ ಬಿಚ್ಚಿದ್ದರು, ಮುಂದಿನ ಊರಿನಲ್ಲಿ ಇನ್ನೂ ಜಾಗ ಸಿಕ್ಕಿರಲಿಲ್ಲ. ಹಾಗಾಗಿ ಅವನಿಗೆ ಹದಿನೈದು ದಿನ ಬಿಡುವು ಸಿಕ್ಕಿತು. ಮಗಳ ಹುಟ್ಟುಹಬ್ಬಕ್ಕೆ ಅವನು ಊರಲ್ಲಿದ್ದದ್ದು ಅದೇ ಮೊದಲು.

ಅವನಿಗೆ ಒಂದು ಕೊರಗಿತ್ತು. ಅದನ್ನು ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಮಗಳು ಅವನನ್ನು ನೆಂಟರಂತೆ ನೋಡುತ್ತಿದ್ದಳು. ಅವನು ಬಂದರೆ ತಂಬಿಗೆಯಲ್ಲಿ ನೀರು ತಂದು, "ತಗೋರಿ ಅಪ್ಪಾ" ಎಂದು ಕೊಟ್ಟು ಒಳಗೆ ಓಡುತ್ತಿದ್ದಳು. ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಬಿಟ್ಟರೆ ಹೋಗುತ್ತಿದ್ದಳು. ಕರೆಯದೆ ಒಂದು ಸಲವೂ ಅವನ ಹತ್ತಿರ ಬಂದಿರಲಿಲ್ಲ. ಒಂದೇ ಒಂದು ಸಲ ಅವಳು ತಾನಾಗಿ ಬರಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಆದ್ದರಿಂದ ಅವನು ಹೆಂಡತಿಗೆ, "ಕಾಡು ನಿಂದು, ಆನಿ ನಂದು. ಆನಿ ಸುದ್ದಿಗೆ ನೀ ಬರಬ್ಯಾಡ" ಎಂದ.

"ಸಣ್ಣದೊಂದು ಬರೀರಿ. ಹುಡುಗರು ಹತ್ರ ಬಂದು ನೋಡ್ತಾವ, ಮುಟ್ಟಿ ನೋಡ್ತಾವ" ಎಂದಳು ಅವಳು.

"ಸಾವಿರ ಮಂದಿ ಕುಂತು ನೋಡ್ಯಾರ ನನ್ನ ಆನಿ. ಚಪ್ಪಾಳಿ ಹೊಡದಾರ. ನಿನ್ನ ಹದಿನೈದು ಹುಡುಗರಿಗೆ ಕಾಣೂದಿಲ್ಲೇನು?"

"ಕಂಡರ ಛಲೋನ ಆತು ಬಿಡ್ರಿ."

ಅವನು ಊರಾಚೆಯ ಖಾಲಿ ಗೋದಾಮಿನಲ್ಲಿ ಬಟ್ಟೆ ಹಾಸಿದ. ಹದಿನಾರು ಅಡಿ ಉದ್ದ, ಒಂಬತ್ತು ಅಡಿ ಎತ್ತರ. ಬಣ್ಣದ ಪುಡಿಗೆ ಗೋಂದು ಕಲಸಿ, ಉದ್ದ ಕೋಲಿಗೆ ಕುಂಚ ಕಟ್ಟಿ, ನಿಂತು ಬರೆದ. ಆಗಾಗ ಏಣಿ ಹತ್ತಿ ಮೇಲಿನಿಂದ ನೋಡುತ್ತಿದ್ದ. ಪರದೆ ಬರೆಯುವವರ ರೀತಿಯೇ ಅದು. ಮುಂದೆ ನೋಡುವವನು ನಲವತ್ತು ಅಡಿ ದೂರ ಕೂತಿರುತ್ತಾನೆ ಎಂದು ಮನಸ್ಸಿನಲ್ಲಿಟ್ಟುಕೊಂಡೇ ಅವರು ಕುಂಚ ಎತ್ತುತ್ತಾರೆ. ಹತ್ತಿರದಿಂದ ನೋಡಿದರೆ ಅದು ಬರೀ ಬಣ್ಣದ ರಾಶಿ. ದೂರ ಹೋದರೆ ರಾಶಿ ಕೂಡಿಕೊಂಡು ಆನೆಯಾಗುತ್ತದೆ. ಇಪ್ಪತ್ತು ವರ್ಷದಿಂದ ಅವನು ಹಾಗೆಯೇ ಬರೆದಿದ್ದ. ಬೇರೆ ರೀತಿ ಅವನಿಗೆ ಬರುತ್ತಿರಲಿಲ್ಲ, ಬೇರೆ ರೀತಿ ಇದೆಯೆಂಬುದೂ ನೆನಪಿರಲಿಲ್ಲ.

ಇಲ್ಲಿ ಗದಿಗೆಯ್ಯ ತಡೆಯಲಾರದೆ, "ಹಾಗಾದರೆ ತಪ್ಪು ಚಿತ್ರಗಾರನದು" ಎಂದ.

"ಚಿತ್ರ ಬಹಳ ಚೆನ್ನಾಗಿತ್ತು. ಅವನು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯದು" ಎಂದರು ಗುರುಗಳು.

ಗದಿಗೆಯ್ಯ ಮತ್ತೆ ಗೊಂದಲಕ್ಕೆ ಬಿದ್ದ. ಗುರುಗಳು ಮುಂದುವರಿಸಿದರು.

ಹುಟ್ಟುಹಬ್ಬದ ದಿನ ಬಂತು. ಅವರ ಪಡಸಾಲೆ ಹಿಂದೆ ಅಂಗಡಿಯಾಗಿದ್ದ ಜಾಗ. ಅಗಲ ಬಹಳ, ಒಳಕ್ಕೆ ಎಂಟೇ ಅಡಿ. ಬೀದಿಯ ಕಡೆ ಗೋಡೆಯಿಲ್ಲ, ಸಾಲಾಗಿ ಹಲಗೆ ಬಾಗಿಲುಗಳು. ಅವನ್ನೆಲ್ಲ ಮುಚ್ಚಿದ್ದರು. ತಾಯಿ ಕಾಡನ್ನು ಸಿದ್ಧ ಮಾಡಿದ್ದಳು. ಹಸಿರು ಹಾಳೆಯ ಬಳ್ಳಿಗಳು ಮಕ್ಕಳ ಕಣ್ಣಿನೆತ್ತರಕ್ಕೆ ಇಳಿಬಿದ್ದಿದ್ದವು. ಬಂದ ಮಕ್ಕಳಿಗೆಲ್ಲ ಕಾಗದದ ಕಿವಿ ಕಟ್ಟಿದಳು. ಒಬ್ಬನಿಗೆ ಮೊಲದ ಕಿವಿ, ಒಬ್ಬಳಿಗೆ ಜಿಂಕೆಯ ಕಿವಿ. ದೊಡ್ಡ ದೊಡ್ಡ ಶೇಂಗಾ ಉಂಡೆ ಕಟ್ಟಿ ಬುಟ್ಟಿಯಲ್ಲಿಟ್ಟು, "ಇವು ಆನಿ ಲದ್ದಿ" ಎಂದಳು. ಮಕ್ಕಳು "ಛೀ ಛೀ" ಎಂದು ಕೂಗಿ, ನಕ್ಕು ನಕ್ಕು, ಬುಟ್ಟಿಯ ಸುತ್ತಲೇ ಸುಳಿದಾಡಿದರು.

ಚಿತ್ರಗಾರ ಒಳಗೋಡೆಗೆ ಪರದೆ ಸುತ್ತಿ ಕಟ್ಟಿದ್ದ. ನಾಟಕದಲ್ಲಿ ಮಾಡುವಂತೆ ಅದಕ್ಕೆ ಹಗ್ಗ ಹಾಕಿದ್ದ. ಪರದೆಯ ಒಂದು ತುದಿಗೆ ಗೋಡೆಯಲ್ಲಿ ಗೂಟ ಸಿಕ್ಕಿತ್ತು, ಇನ್ನೊಂದು ತುದಿಗೆ ಸಿಕ್ಕಿರಲಿಲ್ಲ. ಆ ತುದಿಯ ಹಗ್ಗವನ್ನು ತೊಲೆಯ ಮೇಲಿಂದ ಹಾಯಿಸಿ ತಾನೇ ಹಿಡಿದುಕೊಂಡ. ಕಂಪನಿಯಲ್ಲೂ ನಾಟಕ ಮುಗಿಯುವವರೆಗೆ ಹಗ್ಗವನ್ನು ಒಬ್ಬ ಮನುಷ್ಯನೇ ಹಿಡಿದಿರುತ್ತಾನೆ. ಅದು ಅವನಿಗೆ ವಿಶೇಷವೆನಿಸಲಿಲ್ಲ.

"ಕಣ್ಣು ಮುಚ್ಚಿರಿ" ಎಂದ. ಮಕ್ಕಳು ಮುಚ್ಚಿದರು. ಪರದೆ ಬಿಚ್ಚಿಕೊಂಡಿತು. "ತಗೀರಿ" ಎಂದ.

ಮಕ್ಕಳು ಕಣ್ಣು ತೆರೆದು ನೋಡಿದರು. ಬಹಳ ಹೊತ್ತು ನೋಡಿದರು.

ಮೊಲದ ಕಿವಿಯವನು, "ಗ್ವಾಡಿ ಸೋರಾಕತ್ತೈತಿ" ಎಂದ.

ಜಿಂಕೆಯ ಕಿವಿಯವಳು, "ಅಲ್ಲೋ, ಮ್ವಾಡ ಬಂದೈತಿ" ಎಂದಳು.

ಕಸ್ತೂರಿ ಪರದೆಯ ಹತ್ತಿರ ಹೋಗಿ ಕತ್ತೆತ್ತಿ ನೋಡಿದಳು. ಆಮೇಲೆ ಆ ಕಡೆಯಿಂದ ಈ ಕಡೆಯವರೆಗೆ ನಡೆದು ನೋಡಿದಳು. "ಅಪ್ಪಾ, ಆನಿ ಎಲ್ಲೈತ್ರಿ?"

"ಇಲ್ಲೇ ಐತಲ್ಲವ್ವ, ನಿನ್ನ ಮುಂದ. ನೀ ಅದರ ಕಾಲ ಹತ್ರಾನ ನಿಂತೀದಿ."

ಅವಳು ಕಾಲನ್ನು ಮುಟ್ಟಿದಳು. ಬಣ್ಣ ಪೂರ್ತಿ ಒಣಗಿರಲಿಲ್ಲ. ಅಂಗೈ ಬೂದು ಬಣ್ಣವಾಯಿತು. ಅವಳು ಅದನ್ನು ಎಲ್ಲರಿಗೂ ತೋರಿಸಿ, "ಬೂದಿ" ಎಂದಳು.

ಚಿತ್ರಗಾರನಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಇಂಥದೇ ಆನೆಗೆ ಇಡೀ ಡೇರೆ ಎದ್ದು ನಿಂತು ಕೂಗಿದ್ದನ್ನು ಅವನು ಕಂಡಿದ್ದ. ಮಕ್ಕಳಿಗೆ ಹೇಳಿದರೆ ಕಂಡೀತು ಎಂದುಕೊಂಡ. ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದು ಕೈಯಿಂದ ತೋರಿಸುತ್ತ ವಿವರಿಸಿದ. ಇದು ಸೊಂಡಿಲು. ಇದು ಕಿವಿ. ಇದು ಸೊಂಡಿಲಿನ ನೆರಳು, ಇದು ಕಿವಿಯ ನೆರಳು. ಇದು ಕಣ್ಣು. ಕಣ್ಣು ಒಂದು ಗಡಿಗೆಯಷ್ಟು ದೊಡ್ಡ ಕಪ್ಪು ಮಚ್ಚೆಯಾಗಿತ್ತು. ಅದನ್ನು ಕಣ್ಣು ಎಂದು ಕೇಳಿದ ಕೂಡಲೇ ಒಂದು ಸಣ್ಣ ಮಗು ಅಳತೊಡಗಿತು. ಅವನು ಹೇಳಿದಷ್ಟೂ ಮಕ್ಕಳು ಗಲಿಬಿಲಿಗೊಂಡರು. ಮಕ್ಕಳು ಗಲಿಬಿಲಿಗೊಂಡಷ್ಟೂ ಅವನು ಹೆಚ್ಚು ಹೇಳಿದ. ಒಬ್ಬೊಬ್ಬರಾಗಿ ಉಂಡೆಯ ಬುಟ್ಟಿಯ ಕಡೆ ಸರಿದರು.

"ಹಿಂದ ಸರೀರಿ. ಹಿಂದ ಸರದು ನೋಡ್ರಿ" ಎಂದ ಅವನು.

ಮಕ್ಕಳು ಹಿಂದೆ ಸರಿದರು. ಬೆನ್ನಿಗೆ ಹಲಗೆ ಬಾಗಿಲು ತಗಲಿತು.

"ಇನ್ನೂ ಹಿಂದ."

"ಇನ್ನ ಹಿಂದ ಹೋದರ ಗಿರಣಿ ಬರ್ತೈತ್ರಿ" ಎಂದು ಮೊಲದ ಕಿವಿಯವನು ಹೇಳಿದ. ಬೀದಿಯ ಎದುರು ಬದಿಯಲ್ಲಿ ಒಂದು ಹಿಟ್ಟಿನ ಗಿರಣಿಯಿತ್ತು, ಅದರ ಮುಂದೆ ಕಟ್ಟೆಯಿತ್ತು.

ಚಿತ್ರಗಾರನಿಗೆ ಆಗ ಹೊಳೆಯಿತು. "ಬಾಗಲಾ ತಗಿ" ಎಂದು ಹೆಂಡತಿಗೆ ಕೂಗಿದ. ಅವಳು ಹಲಗೆಗಳನ್ನು ಒಂದೊಂದಾಗಿ ತೆಗೆದಳು. ಮಕ್ಕಳ ಕೈ ಹಿಡಿದು ಬೀದಿ ದಾಟಿಸಿ ಗಿರಣಿಯ ಕಟ್ಟೆಯ ಮೇಲೆ ಕೂರಿಸಿದಳು. ಮಕ್ಕಳು ತಿರುಗಿ ನೋಡಿದರು.

ಆನೆ ಅಲ್ಲಿತ್ತು.

ಮನೆಯ ತುಂಬ ಇತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಬೀದಿಗೆ ಇಳಿಯುವಂತಿತ್ತು. ಮಕ್ಕಳು ಕಿರಿಚಿದರು. ಅಳುತ್ತಿದ್ದ ಮಗು ಅಳು ನಿಲ್ಲಿಸಿತು. ಹಿಟ್ಟು ಬೀಸಿಸಲು ಬಂದವರು ಡಬ್ಬಿ ಕೆಳಗಿಟ್ಟು ನಿಂತರು. ಕಸ್ತೂರಿ ಕಟ್ಟೆಯ ಮೇಲೆ ಎದ್ದು ಕುಣಿದಳು. "ನಮ್ಮ ಮನ್ಯಾಗ ಆನಿ! ನಮ್ಮಪ್ಪನ ಆನಿ!"

ಬೀದಿಯ ಈಚೆ ನಿಂತಿದ್ದ ಚಿತ್ರಗಾರನಿಗೆ ಆ ಮಾತು ಕೇಳಿಸಿತು. ನಮ್ಮಪ್ಪ ಎಂದು ಅವಳು ಇನ್ನೊಬ್ಬರೆದುರು ಹೇಳಿದ್ದನ್ನು ಅವನು ಹಿಂದೆ ಎಂದೂ ಕೇಳಿರಲಿಲ್ಲ. ತಾನು ಮಗಳಿಗೆ ಚೆನ್ನಾಗಿ ಕಾಣಲೆಂದು ಒಂದು ಹೆಜ್ಜೆ ಮುಂದೆ ಬಂದು ನಿಂತ.

"ಅಪ್ಪಾ, ಬಾಜೂಕ ಸರೀರಿ! ಸೊಂಡಿಲಾ ಕಾಣವಲ್ದು!" ಎಂದು ಅವಳು ಕೂಗಿದಳು.

ಅವನು ಸರಿದ. ಪರದೆಯ ಅಂಚಿನ ಹಿಂದೆ, ಗೋಡೆಗೆ ಒತ್ತಿ ನಿಂತ. ಅಲ್ಲಿ ಅವನು ಯಾರಿಗೂ ಕಾಣುತ್ತಿರಲಿಲ್ಲ. ಅವನಿಗೂ ಆನೆ ಕಾಣುತ್ತಿರಲಿಲ್ಲ, ಅವನ ಮುಖದ ಪಕ್ಕದಲ್ಲಿ ಬಟ್ಟೆಯ ಬೆನ್ನಷ್ಟೇ ಇತ್ತು. ಹಗ್ಗ ಭಾರವಾಗಿತ್ತು. ಎರಡೂ ಕೈಯಿಂದ ಹಿಡಿದುಕೊಂಡ.

ಹುಟ್ಟುಹಬ್ಬ ಗಿರಣಿಯ ಕಟ್ಟೆಗೆ ಹೋಯಿತು. ಹೆಂಡತಿ ಬುಟ್ಟಿಯನ್ನೂ ತಟ್ಟೆಗಳನ್ನೂ ಅಲ್ಲಿಗೇ ಒಯ್ದಳು. ಆರತಿ ಅಲ್ಲೇ ಆಯಿತು. ಆನೆಯನ್ನು ನೋಡುತ್ತ ಮಕ್ಕಳು ಆನೆಯ ಲದ್ದಿ ತಿಂದರು. ಅವಳು ನಡುವೆ ಒಮ್ಮೆ ಬಂದು, "ನೀವೂ ಬರ್ರಿ ಆ ಕಡೆ" ಎಂದು ಕರೆದಳು.

"ನಾ ಬಂದರ ಆನಿ ಬೀಳ್ತೈತಿ" ಎಂದ ಅವನು.

ಅವಳು ಹಗ್ಗವನ್ನು ನೋಡಿದಳು. ಗಂಡನನ್ನು ನೋಡಿದಳು. ಆನೆ ಇಲ್ಲದಿದ್ದರೆ ಮಕ್ಕಳಿಗೆ ಈ ಸಂತೋಷವಿಲ್ಲ. ಆನೆ ಇದ್ದರೆ ಈ ಮನುಷ್ಯ ಇಲ್ಲಿಂದ ಅಲುಗುವಂತಿಲ್ಲ. ಅವಳು ಮಕ್ಕಳ ಕಡೆಗೆ ತಿರುಗಿ ಹೋದಳು. ಆಚೆ ನಗು ಕೇಳಿಸುತ್ತಿತ್ತು. ಎಲ್ಲವೂ ಅವನು ಬಯಸಿದಂತೆಯೇ ಆಗಿತ್ತು. ಆದರೂ ಏನೋ ಆಗಿಲ್ಲವೆಂದು ಅವನಿಗೆ ಅನಿಸುತ್ತಿತ್ತು. ಏನೆಂದು ಹುಡುಕುತ್ತ ನಿಂತಿದ್ದ.

ಆಗ ಕಸ್ತೂರಿ ಬೀದಿ ದಾಟಿ ಬಂದಳು.

ಅವಳನ್ನು ಯಾರೂ ಕಳಿಸಿರಲಿಲ್ಲ. ಅವನೂ ಕರೆದಿರಲಿಲ್ಲ. ಕೈಯಲ್ಲಿ ತಟ್ಟೆಯಿತ್ತು, ತಟ್ಟೆಯಲ್ಲಿ ಒಂದು ಉಂಡೆಯಿತ್ತು. ಅದರ ಒಂದು ಬದಿಯನ್ನು ಅವಳೇ ಕಚ್ಚಿದ್ದಳು. ಪರದೆಯ ಅಂಚನ್ನು ಸರಿಸಿ ಒಳಗೆ ಬಂದು ಅವನ ಎದುರು ನಿಂತಳು. ತಟ್ಟೆಯನ್ನು ಎತ್ತಿ ಹಿಡಿದಳು. ಅದು ಅವನ ಎದೆಯವರೆಗೂ ಬರಲಿಲ್ಲ. ಅವಳು ತಟ್ಟೆ ಕೆಳಗಿಟ್ಟು, ಉಂಡೆಯನ್ನು ಕೈಗೆ ತೆಗೆದುಕೊಂಡು, ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಬಾಯಿ ಇನ್ನೂ ದೂರವಿತ್ತು.

"ಅಪ್ಪಾ, ಬಗ್ಗು" ಎಂದಳು.

ಅವನ ಎರಡೂ ಕೈ ಹಗ್ಗದ ಮೇಲಿದ್ದವು. ಬಗ್ಗಿದರೆ ಹಗ್ಗ ಸಡಿಲಾಗುತ್ತದೆ. ಸಡಿಲಾದರೆ ಪರದೆ ಕುಸಿಯುತ್ತದೆ. ಆಚೆ ಹದಿನಾಲ್ಕು ಮಕ್ಕಳು ನೋಡುತ್ತಿದ್ದರು.

"ಆನಿ ಬೀಳ್ತೈತವ್ವ" ಎಂದ.

ಅವಳು ಕೈ ಚಾಚಿಕೊಂಡೇ ಸುತ್ತ ನೋಡಿದಳು. ಎಡಕ್ಕೆ ಬಟ್ಟೆಯಿತ್ತು, ಬಲಕ್ಕೆ ಗೋಡೆಯಿತ್ತು, ಮುಂದೆ ಅಪ್ಪನಿದ್ದ. ಅವಳು ಮತ್ತೆ ಅವನ ಮುಖ ನೋಡಿ ಕೇಳಿದಳು.

"ಯಾವ ಆನಿ?"

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಗದಿಗೆಯ್ಯ ಕಾದ. ಕತೆ ಮುಗಿಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಚಿತ್ರ ಚೆನ್ನಾಗಿತ್ತು ಎಂದು ಗುರುಗಳೇ ಹೇಳಿದ್ದರು. ದೂರದವರಿಗೆ ಅದು ಕಂಡದ್ದೂ ನಿಜ. ಹಾಗಾದರೆ ಹಗ್ಗ ಹಿಡಿದದ್ದು ಸರಿಯೇ? ಹಿಡಿದದ್ದು ಸರಿಯಾದರೆ ಆ ಮಗುವಿನ ಚಾಚಿದ ಕೈ ಏನಾಗಬೇಕು? ಒಂದನ್ನು ಸರಿ ಎಂದರೆ ಇನ್ನೊಂದು ತಪ್ಪಿಹೋಗುತ್ತಿತ್ತು. ಅವನು ಕೈ ಮುಗಿದು ಕೇಳಿದ.

"ಗುರುಗಳೇ, ಕಡೆಗೆ ಅವನು ಬಗ್ಗಿದನೇ?"

"ಅವನದು ಇರಲಿ ಗದಿಗೆಯ್ಯ, ನಿನ್ನ ತಂಗಿ ನಿನಗೆ ಏನು ಹೇಳಲು ಬಂದಿದ್ದಳು?"